ವಿಮಾನದ ದೂರ, ಹಾರಾಟದ ಸಮಯ: ನೀವೇ ಲೆಕ್ಕ ಹಾಕಿ

ಮೊದಲು ದೂರ. ರಸ್ತೆಯ ಕಿಲೋಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ. ಭೂಮಿ ದುಂಡಗಿದೆ ಅಲ್ವಾ, ಹಾಗಾಗಿ ಚಪ್ಪಟೆ ನಕ್ಷೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೂ ತಪ್ಪು ಉತ್ತರವೇ ಸಿಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಅಳತೆಯ ಟೂಲ್ ಇದೆ, ಎರಡು ಏರ್‌ಪೋರ್ಟ್‌ಗಳ ಮೇಲೆ ಕ್ಲಿಕ್ ಮಾಡಿ, ಮುಗೀತು. ದೂರ ನಾಟಿಕಲ್ ಮೈಲಿಯಲ್ಲಿ (ಹಡಗು, ವಿಮಾನಗಳಿಗೆ ಬಳಸುವ ಮೈಲಿ) ಸಿಕ್ಕಿದರೆ 1.852ರಿಂದ ಗುಣಿಸಿ, ಕಿ.ಮೀ. ಸಿಗುತ್ತದೆ.

ಈಗ ಸಮಯ. ದೊಡ್ಡ ಜೆಟ್‌ಗಳು ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ ಹಾರುತ್ತವೆ. ದೂರವನ್ನು ಅದರಿಂದ ಭಾಗಿಸಿ, ಮೇಲೇರಲು, ಇಳಿಯಲು, ರನ್‌ವೇವರೆಗೆ ಉರುಳಲು ಅಂತ ಅರ್ಧ ಗಂಟೆಯಾದರೂ ಸೇರಿಸಿ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸುಮಾರು 5,540 ಕಿ.ಮೀ., ಅಂದರೆ ಆರೂವರೆ ಗಂಟೆ, ಸೇರಿಸಿದರೆ ಏಳು.

ಆದರೆ ವಾಪಸ್ ಬರುವಾಗ ಅದೇ ದಾರಿಗೆ ಎಂಟು ಗಂಟೆ ಹತ್ತಿರ ಬೇಕು! ಅಲ್ಲಿ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ, ಹಾಗಾಗಿ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ತಳ್ಳುತ್ತದೆ, ಎದುರು ಬರುವುದನ್ನು ತಡೆಯುತ್ತದೆ.

ಜನ ಎಡವೋದು ಟಿಕೆಟ್ ನೋಡಿದಾಗ. ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ರಾತ್ರಿ 7ಕ್ಕೆ ನ್ಯೂಯಾರ್ಕ್ ಬಿಟ್ಟು ಬೆಳಿಗ್ಗೆ 7ಕ್ಕೆ ಲಂಡನ್ ಅಂತಿದ್ದರೆ ಸುಮ್ನೆ 12 ಗಂಟೆ ಅಂದುಕೊಳ್ಳಬೇಡಿ, ಲಂಡನ್ ಸಾಮಾನ್ಯವಾಗಿ 5 ಗಂಟೆ ಮುಂದಿರುತ್ತದೆ, ಅದನ್ನು ಕಳೆಯಿರಿ. ಪಶ್ಚಿಮಕ್ಕೆ ಹೋಗುವಾಗ ಕೂಡಿಸಿ. ನಡುವೆ ವಿಮಾನ ಬದಲಿಸಬೇಕಿದ್ದರೆ ಕಾಯುವ ಹೊತ್ತೂ ಇದೇ ಲೆಕ್ಕಕ್ಕೆ ಬರುತ್ತದೆ.