ಅಮೆರಿಕದ ಕಾಲೇಜು ಬೇಸ್‌ಬಾಲ್ ಕೋಚ್ ಎಷ್ಟು ದೊಡ್ಡವರು ಅಂತ ತಿಳಿಯೋದು ಹೇಗೆ?

ಮಕ್ಕಳು ಓದೋಕೆ ಅಮೆರಿಕಕ್ಕೆ ಹೋದರೆ ಅವರ ಕಾಲೇಜಿನ ಬೇಸ್‌ಬಾಲ್ ಕೂಡ ಮನೆಗೆ ಬರುತ್ತದೆ. ಜಯನಗರದ ನಮ್ಮ ಮನೆಯಲ್ಲಿ ಆಗಿದ್ದು ಅದೇ. ಕೊನೆಯ ಎಂಟು ಟೀಮ್‌ಗಳು ಕಪ್‌ಗಾಗಿ ಆಡೋದು ಒಮಾಹಾ ಊರಲ್ಲಿ. ಜೂನ್‌ನಲ್ಲಿ ಅಲ್ಲಿ ಸಂಜೆ ಆರಕ್ಕೆ ಶುರುವಾಗುವ ಮ್ಯಾಚ್ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಹಾಲು ಬರುವ ಮೊದಲೇ ಟಿವಿ ಹಾಕಿರುತ್ತೇವೆ. ನೋಡ್ತಾ ನೋಡ್ತಾ ನನಗೆ ಆಟಗಾರರಿಗಿಂತ ಕೋಚ್‌ಗಳ ಮೇಲೇ ಆಸಕ್ತಿ ಜಾಸ್ತಿಯಾಯಿತು.

ಹೆಸರು ಕೇಳಿದ ತಕ್ಷಣ ಎಷ್ಟು ಕಪ್ ಗೆದ್ದಿದ್ದಾರೆ ಅಂತ ಹುಡುಕಬೇಡಿ. ಅದನ್ನು ಕೊನೆಗೆ ನೋಡಿ.

ಮೊದಲು ಅವರ ಕೆಲಸ ಏನು ಅಂತ ಅರ್ಥ ಮಾಡಿಕೊಳ್ಳಿ. 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಗೆದ್ದಾಗ ಜೆ. ಅರುಣ್ ಕುಮಾರ್ ಕೋಚ್ ಆಗಿದ್ದರು, ಆದರೆ ಟೀಮ್ ಆರಿಸೋಕೆ ಬೇರೆ ಸಮಿತಿ ಇತ್ತು ಅಲ್ವಾ? ಅಲ್ಲಿ ಹಾಗಿಲ್ಲ. ಕೋಚೇ ಸ್ಕೂಲ್ ಮೈದಾನಗಳನ್ನು ಸುತ್ತಿ, ಹುಡುಗನ ಮನೆಗೆ ಹೋಗಿ, ಅಪ್ಪ ಅಮ್ಮನ ಎದುರು ಕೂತು ಒಪ್ಪಿಸಬೇಕು. ಒಂದು ಟೀಮಿಗೆ 2025ರವರೆಗೆ ಇದ್ದದ್ದು 11.7 ಪೂರ್ತಿ ಸ್ಕಾಲರ್‌ಶಿಪ್ ಮಾತ್ರ, ಅದನ್ನೇ ಹಲವು ಆಟಗಾರರಿಗೆ ಹಂಚಬೇಕಿತ್ತು, ಅಂದರೆ ಒಬ್ಬನಿಗೆ ಅರ್ಧ ಫೀಸು, ಇನ್ನೊಬ್ಬನಿಗೆ ಕಾಲು. ಇಷ್ಟೆಲ್ಲಾ ಮಾಡಿ ಕರೆತಂದ ಹುಡುಗ ಚೆನ್ನಾಗಿ ಆಡಿದರೆ ಮೂರನೇ ವರ್ಷಕ್ಕೇ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಟೀಮ್‌ಗಳು ಹೊಸ ಆಟಗಾರರನ್ನು ಆರಿಸುವಾಗ, ಆಯ್ಕೆಯಾಗಿ ಹೊರಟುಬಿಡಬಹುದು. ಮತ್ತೆ ಮೊದಲಿಂದ ಹುಡುಕಾಟ.

ಆಮೇಲೆ ಮುಖ್ಯ ಕೋಚ್ ಆಗುವ ಮೊದಲಿನ ವರ್ಷಗಳನ್ನು ಎಣಿಸಿ. 2023ರವರೆಗೆ ಮೂರನೇ ಸಹಾಯಕ ಕೋಚ್‌ಗೆ ಕಾಲೇಜು ಸಂಬಳವನ್ನೇ ಕೊಡುವ ಹಾಗಿರಲಿಲ್ಲ. ಬೇಸಿಗೆ ಕ್ಯಾಂಪ್ ನಡೆಸಿ ಹೊಟ್ಟೆ ಹೊರೆದವರು ಎಷ್ಟೋ ಜನ.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಮೈಕ್ ಮಾರ್ಟಿನ್, ಬಲಗಡೆ ಓಗೀ ಗರಿಡೊ ಅಂತ ಬರೆಯಿರಿ. ಮಾರ್ಟಿನ್ 1980ರಿಂದ 2019ರವರೆಗೆ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಕೋಚ್ ಆಗಿದ್ದರು. 2,029 ಮ್ಯಾಚ್ ಗೆಲುವು, 17 ಸಲ ಒಮಾಹಾ, ಕಪ್ ಸೊನ್ನೆ. ಗರಿಡೊ 1,975 ಮ್ಯಾಚ್ ಗೆಲುವು, ಐದು ಕಪ್. ಬರೀ ಕೊನೆಯ ಸಾಲು ನೋಡಿದರೆ ಮಾರ್ಟಿನ್ ಸೋತ ಹಾಗೆ ಕಾಣುತ್ತದೆ. ಆದರೆ ಸೀಸನ್‌ಗೆ ಇರುವ ಲೀಗ್ ಮ್ಯಾಚ್ 56, ಅದರ ಮೇಲೆ ನಾಕೌಟ್ ಹಂತದ ಕೆಲವು, ಅಷ್ಟರಲ್ಲಿ 40 ಗೆದ್ದರೆ ಒಳ್ಳೆಯ ವರ್ಷ. ಅವರು 40 ವರ್ಷದಲ್ಲಿ ಒಂದು ವರ್ಷವೂ 40ಕ್ಕಿಂತ ಕೆಳಗೆ ಇಳಿಯಲಿಲ್ಲ! ಸುಮಾರು 300 ಟೀಮ್‌ಗಳಲ್ಲಿ ಒಮಾಹಾಕ್ಕೆ ಹೋಗೋದು ಎಂಟೇ. ಕಪ್ ಇಲ್ಲ ಅಂತ ಅವರನ್ನು ಕೆಳಗಿಡೋಕೆ ನನ್ನ ಮನಸ್ಸು ಒಪ್ಪಲ್ಲ.

ಗರಿಡೊ ಒಂದು ಕಡೆ ನಿಜವಾಗಿ ಮುಂದಿದ್ದಾರೆ. ಕ್ಯಾಲ್ ಸ್ಟೇಟ್ ಫುಲ್ಲರ್ಟನ್‌ನಲ್ಲಿ ಮೂರು ಕಪ್ ಗೆದ್ದು, ಟೆಕ್ಸಸ್ ಯೂನಿವರ್ಸಿಟಿಗೆ ಹೋಗಿ ಅಲ್ಲೂ 2002 ಮತ್ತು 2005ರಲ್ಲಿ ಗೆದ್ದರು. ಹಾಗಾಗಿ ಕಾಲೇಜು ಬದಲಾದಾಗ ಏನಾಯಿತು ಅನ್ನೋದಕ್ಕೂ ಒಂದು ಕಾಲಂ ಇಡಿ.

ಪುಟದ ಕೆಳಗೆ ಸ್ವಲ್ಪ ಜಾಗ ಬಿಡಿ, ಅವರ ಕೈಯಲ್ಲಿ ಬೆಳೆದವರಿಗೆ. ನನ್ನ ಪುಸ್ತಕದಲ್ಲಿ ಮಾರ್ಟಿನ್ ಹೆಸರಿನ ಕೆಳಗೆ ಲಿಂಕ್ ಜ್ಯಾರೆಟ್ ಇದ್ದಾರೆ. ಮಾರ್ಟಿನ್ ಟೀಮಿನಲ್ಲೇ ಆಡಿದ ಹುಡುಗ, 2022ರಲ್ಲಿ ನೋಟರ್ ಡೇಮ್ ಟೀಮನ್ನು ಒಮಾಹಾಕ್ಕೆ ಕರೆದುಕೊಂಡು ಹೋದರು, 2024ರಲ್ಲಿ ಫ್ಲೋರಿಡಾ ಸ್ಟೇಟನ್ನೇ.