ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ: ಹಳೆಯ ಆಟೊಮ್ಯಾಟಿಕ್ ಗೇರ್ ಜಾರಿದರೆ ಏನು ಮಾಡಬೇಕು?

ಇಂದ್ರಾಳಿ ದಾಟಿ ಮಣಿಪಾಲದ ಏರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು 2,000ದಿಂದ 3,500ಕ್ಕೆ ಹಾರುತ್ತದೆ, ಕಾರಿನ ವೇಗ ಮಾತ್ರ 40ರಲ್ಲೇ. ಅಥವಾ ಬೆಳಿಗ್ಗೆ ‘ಆರ್’ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡು ಏನೂ ಆಗದೆ, ಆಮೇಲೆ ಧಡ್ಡನೆ ಹಿಡಿಯುತ್ತದೆ. ಗೇರ್ ಸ್ಲಿಪ್ ಎಂದರೆ ಇದೇ. ‘ಗೇರ್‌ಬಾಕ್ಸ್ ಹೋಯಿತು, ಬಿಚ್ಚಬೇಕು’ ಎಂದು ಯಾರಾದರೂ ಹೇಳುವ ಮೊದಲು ಅರ್ಧ ಗಂಟೆಯಲ್ಲಿ ನೀವೇ ನೋಡಬಹುದಾದ್ದು ಬಹಳಷ್ಟಿದೆ.

ಮೊದಲು ನಿಮ್ಮದು ಯಾವ ಗೇರ್‌ಬಾಕ್ಸ್ ಎಂದು ತಿಳಿಯಿರಿ. ಹ್ಯುಂಡೈ ಐ10, ಮಾರುತಿ ಎಸ್‌ಎಕ್ಸ್4ನ ನಾಲ್ಕು ಗೇರಿನ ಆಟೊಮ್ಯಾಟಿಕ್, 2009ರ ಹೋಂಡಾ ಸಿಟಿಯ ಐದು ಗೇರಿನದು ಟಾರ್ಕ್ ಕನ್ವರ್ಟರ್ ಜಾತಿ, ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವಂಥದ್ದು. ಈ ಲೇಖನ ಅವುಗಳ ಬಗ್ಗೆ. 2014ರಲ್ಲಿ ಬಂದ ಸೆಲೆರಿಯೊದಂಥ ಎಎಂಟಿಯಲ್ಲಿ (ಮ್ಯಾನುವಲ್ ಗೇರನ್ನೇ ಯಂತ್ರ ಬದಲಿಸುವ ಬಗೆ) ಇರುವುದು ಮ್ಯಾನುವಲ್ ಕಾರಿನ ಕ್ಲಚ್ ಪ್ಲೇಟೇ. ಅದು ಸವೆದರೆ ಪ್ಲೇಟ್ ಬದಲಿಸಬೇಕು, ಅಷ್ಟೆ. ಗೇರುಗಳ ಬದಲು ಬೆಲ್ಟ್ ಇರುವ ಸಿವಿಟಿಯ ಆಯಿಲೇ ಬೇರೆ.

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ತೆಳುವಾದ ಕ್ಲಚ್ ಪ್ಲೇಟುಗಳ ಕಟ್ಟುಗಳಿವೆ. ಅವನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ. ಒತ್ತಡ ಕುಗ್ಗಿದರೂ ಪ್ಲೇಟ್ ಸವೆದರೂ ಗೇರ್ ಜಾರುತ್ತದೆ. ಮೊದಲನೆಯದು ಅಗ್ಗದ ರೋಗ, ಎರಡನೆಯದು ದುಬಾರಿ.

ಆಯಿಲ್ ಅಳೆಯುವುದು

ಇಲ್ಲೇ ಹೆಚ್ಚಿನವರು ತಪ್ಪುವುದು. ಎಂಜಿನ್ ಆಯಿಲಿನಂತೆ ಇದನ್ನು ತಣ್ಣಗಿರುವಾಗ, ಎಂಜಿನ್ ನಿಲ್ಲಿಸಿ ಅಳೆಯುವಂತಿಲ್ಲ. 15–20 ಕಿ.ಮೀ., ಅಂದರೆ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬಂದಷ್ಟು ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಮೂರು ಮೂರು ಸೆಕೆಂಡು ನಿಲ್ಲಿಸಿ ‘ಪಿ’ಗೆ ತನ್ನಿ. ಎಂಜಿನ್ ಐಡ್ಲಿಂಗಿನಲ್ಲಿರುವಾಗಲೇ ಡಿಪ್‌ಸ್ಟಿಕ್ (ಗೇರ್ ಆಯಿಲ್ ಅಳೆಯುವ ಕಡ್ಡಿ) ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ‘ಹಾಟ್’ ಗುರುತುಗಳ ನಡುವೆ ಇರಬೇಕು. ಹೋಂಡಾ ಮಾತ್ರ ಇದಕ್ಕೆ ಹೊರತು: ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಕಡ್ಡಿಯೇ ಇಲ್ಲದ ಕಾರಾದರೆ ಲಿಫ್ಟ್ ಇರುವ ಗ್ಯಾರೇಜಿಗೇ ಹೋಗಿ.

ಒರೆಸಲು ಗ್ಯಾರೇಜಿನ ಬನಿಯನ್ ವೇಸ್ಟ್ (ಬಟ್ಟೆಚೂರು) ಬೇಡ. ಅದರ ಒಂದು ನೂಲು ವಾಲ್ವ್ ಬಾಡಿಯ (ಆಯಿಲನ್ನು ಆಯಾ ಗೇರಿಗೆ ಹಂಚುವ ಭಾಗ) ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೂ ಸಾಕು, ಇಲ್ಲದ ಕಾಯಿಲೆ ಶುರು.

ಮಟ್ಟ ಕಡಿಮೆಯಿದ್ದರೆ ಪಂಪ್ ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ, ನೊರೆ ಬರುತ್ತದೆ, ಒತ್ತಡ ಬೀಳುತ್ತದೆ. 200 ಮಿ.ಲೀ. ಹಾಕಿ ಮತ್ತೆ ಅಳೆಯಿರಿ. ಗುರುತು ಮೀರಿ ಸುರಿದರೂ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡಿ ಇದೇ ಸ್ಲಿಪ್ ತರುತ್ತವೆ. ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಸೋರಿದೆ ಎಂದೇ ಅರ್ಥ. ಡ್ರೈವ್‌ಶಾಫ್ಟ್ ಸೀಲ್, ಗೇರ್‌ಬಾಕ್ಸ್ ತಳದ ಪ್ಯಾನಿನ ಗ್ಯಾಸ್ಕೆಟ್, ರೇಡಿಯೇಟರಿಗೆ ಹೋಗುವ ಕೂಲರ್ ಪೈಪು ನೋಡಿ. ಮಲ್ಪೆ, ಉಳ್ಳಾಲದಂಥ ಕಡಲಂಚಿನಲ್ಲಿ ನಿಲ್ಲುವ ಕಾರುಗಳಲ್ಲಿ ಉಪ್ಪುಗಾಳಿಗೆ ಈ ಕಬ್ಬಿಣದ ಪೈಪೇ ತುಕ್ಕು ಹಿಡಿದು ಜಿನುಗುವುದುಂಟು.

ಬಣ್ಣ, ವಾಸನೆ

ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಪುನರ್ಪುಳಿ ಶರಬತ್ತಿನ ಹಾಗೆ ತಿಳಿಗೆಂಪು ಇದ್ದರೆ ಆಯಿಲ್ ಚೆನ್ನಾಗಿದೆ. ಕಂದು ಆಗಿದ್ದರೆ ಬದಲಿಸುವ ಕಾಲ ದಾಟಿದೆ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿ ಸಿಕ್ಕಿದರೆ ಪ್ಲೇಟುಗಳೇ ಸವೆದಿವೆ. ಪುನರ್ಪುಳಿಗೆ ತೆಂಗಿನ ಹಾಲು ಬೆರೆಸಿದಂಥ ಗುಲಾಬಿ ಬಣ್ಣವಿದ್ದರೆ ನೀರು ಸೇರಿದೆ: ಒಂದೋ ರೇಡಿಯೇಟರಿನೊಳಗಿನ ಕೂಲರ್ ತೂತಾಗಿದೆ, ಇಲ್ಲವೇ ಕೊಟ್ಟಾರ ಚೌಕಿಯ ಮಳೆನೀರಿನಲ್ಲಿ ಇಳಿಸಿದಾಗ ಬ್ರೀದರ್ (ಗೇರ್‌ಬಾಕ್ಸಿನ ಗಾಳಿಯಾಡುವ ರಂಧ್ರ) ಮೂಲಕ ಒಳಹೋಗಿದೆ. ನೀರು ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ. ಆ ಕಾರನ್ನು ಮತ್ತೆ ಓಡಿಸಬೇಡಿ.

ಯಾವಾಗ ಜಾರುತ್ತದೆ?

ಎರಡು ದಿನ ಗಮನಿಸಿ ಬರೆದಿಡಿ, ಮೆಕ್ಯಾನಿಕ್‌ಗೆ ಬಹಳ ಉಪಯೋಗ. ಎಲ್ಲ ಗೇರಿನಲ್ಲೂ ಜಾರಿದರೆ ಆಯಿಲ್, ಫಿಲ್ಟರ್ ಅಥವಾ ಪಂಪ್. ಒಂದೇ ಗೇರಿನಲ್ಲಾದರೆ ಆ ಗೇರಿನ ಕ್ಲಚ್ ಅಥವಾ ಸೊಲೆನಾಯ್ಡ್ (ಆಯಿಲಿನ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್). ತಣ್ಣಗಿರುವಾಗ ಜಾರಿ ಬಿಸಿಯಾದ ಮೇಲೆ ಸರಿಹೋದರೆ ಸೀಲುಗಳು ಗಟ್ಟಿಯಾಗಿವೆ. ಯಾವಾಗಲೂ ಒಂದೇ ಗೇರಿನಲ್ಲಿ ನಿಂತುಬಿಟ್ಟಿದ್ದರೆ ಅದು ಸ್ಲಿಪ್ ಅಲ್ಲ, ಕಂಪ್ಯೂಟರ್ ಹಾಕಿಕೊಂಡ ಸುರಕ್ಷಾ ಬೀಗ, ಸ್ಕ್ಯಾನರ್ ಹಾಕಿಸಿ. ಅದು ತೋರಿಸುವ ಪಿ0700 ಕೋಡ್ ‘ಏನೋ ತೊಂದರೆಯಿದೆ’ ಎಂದಷ್ಟೇ ಹೇಳುತ್ತದೆ, ಜೊತೆಗಿರುವ ಇನ್ನೊಂದು ಕೋಡ್ ಮುಖ್ಯ. ಪಿ0730 ಬಂದರೆ ಸ್ಲಿಪ್ ಇರುವ ಸಾಧ್ಯತೆ ಹೆಚ್ಚು.

ಆಯಿಲ್ ಬದಲಿಸುವಾಗ

ಕಂಪನಿ ಹೇಳಿದ ದರ್ಜೆಯೇ ಬೇಕು: ಐ10ಗೆ ಎಸ್‌ಪಿ-III, ಹಳೆಯ ಹೋಂಡಾಗಳಿಗೆ ಝಡ್1ರ ಜಾಗದಲ್ಲಿ ಬಂದ ಡಿಡಬ್ಲ್ಯು-1. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲೂ ಇಳಿಯುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಕನ್ವರ್ಟರಿನಲ್ಲೇ ಉಳಿಯಬಹುದು. 7 ಲೀಟರಿನಲ್ಲಿ 3 ಇಳಿಯುವುದಾದರೆ ಒಮ್ಮೆಗೆ ಹೊಸದು 43 ಶೇಕಡ ಮಾತ್ರ. ನಡುವೆ ಕೆಲವು ದಿನ ಓಡಿಸಿ ಮೂರು ಸಲ ಮಾಡಿದರೆ 81 ಶೇಕಡ. ಇಳಿದಷ್ಟನ್ನೇ ಅಳೆದು ಹಾಕಿ, ವಾಷರ್ ಹೊಸದಿರಲಿ. ಪ್ಯಾನ್ ಇರುವ ಕಾರಾದರೆ ಫಿಲ್ಟರ್, ಗ್ಯಾಸ್ಕೆಟ್ ಕೂಡ ಬದಲಿಸಿ. ಮಷಿನ್ ಇಟ್ಟು ಒತ್ತಡದಲ್ಲಿ ಫ್ಲಶ್ ಮಾಡುವುದನ್ನು ಹಳೆಯ ಗೇರ್‌ಬಾಕ್ಸಿಗೆ ನಾವು ಒಪ್ಪುವುದಿಲ್ಲ. ತಳದಲ್ಲಿ ಕೂತ ಕಸ ಎದ್ದು ವಾಲ್ವ್ ಬಾಡಿಗೆ ನುಗ್ಗುತ್ತದೆ.

ಪ್ಯಾನ್ ಅಥವಾ ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಚೂರು, ಸೀಳು ಸಿಕ್ಕಿದರೆ ಬಿಚ್ಚುವುದೇ ದಾರಿ. ಆಗ ಎಸ್ಟಿಮೇಟಿನಲ್ಲಿ ಕ್ಲಚ್ ಪ್ಲೇಟ್, ಸೀಲ್ ಕಿಟ್, ಫಿಲ್ಟರ್, ಕನ್ವರ್ಟರ್ ಜೊತೆ ‘ಕೂಲರ್ ಸ್ವಚ್ಛ ಮಾಡುವುದು’ ಎಂದೂ ಬರೆಸಿಕೊಳ್ಳಿ. ಅದನ್ನು ಬಿಟ್ಟರೆ ಹಳೆಯ ಪುಡಿ ಹೊಸ ಪ್ಲೇಟಿಗೆ ಬರುತ್ತದೆ.

ರಿಪೇರಿ ಮುಗಿಯುವವರೆಗೆ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿಸಬೇಡಿ. ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಲೂ ಬೇಡಿ: ಎಂಜಿನ್ ನಿಂತಾಗ ಆಯಿಲ್ ಪಂಪೂ ನಿಂತಿರುತ್ತದೆ, ಚಕ್ರ ಮಾತ್ರ ತಿರುಗಿ ಗೇರ್‌ಬಾಕ್ಸ್ ಒಣಗಿ ಸವೆಯುತ್ತದೆ. ಫ್ಲ್ಯಾಟ್‌ಬೆಡ್ ಕರೆಸಿ, ಸಿಗದಿದ್ದರೆ ಮುಂದಿನ ಚಕ್ರದಿಂದ ಓಡುವ ಕಾರಿನ ಮುಂಭಾಗವನ್ನು ನೆಲದಿಂದ ಎತ್ತಿಸಿ ಒಯ್ಯಿರಿ.