ಒಸಡು ಸೀಳದೆ ಇಂಪ್ಲಾಂಟ್: ನನ್ನ ಅನುಭವ

"ಫ್ಲಾಪ್ ತೆಗೀದೆ ಇಂಪ್ಲಾಂಟ್ ಹಾಕೋದು ಅಂದ್ರೆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ" ಎಂದು ನಮ್ಮೂರಿನ ಹಿರಿಯ ಸರ್ಜನ್ ಒಬ್ಬರು ನಕ್ಕಿದ್ದರು. ನಾನು ಹಲ್ಲಿನ ಡಾಕ್ಟರ್. ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಬೇರಿನ ಬದಲು ಮೂಳೆಗೆ ಕೂರಿಸುವ ಟೈಟೇನಿಯಂ ಸ್ಕ್ರೂ, ಫ್ಲಾಪ್ ಎಂದರೆ ಮೂಳೆ ಕಾಣುವಂತೆ ಒಸಡು ಸೀಳಿ ಬಿಡಿಸುವುದು. ಹೋದ ವರ್ಷ ಅವರೇ ತಮ್ಮ ನಾದಿನಿಯನ್ನು ನನ್ನ ಹತ್ತಿರವೇ ಕಳಿಸಿದರು. ಅದಿರಲಿ.

ಮೊದಲ ಕೇಸಿನಲ್ಲಿ ಮಾತ್ರ ಅವರ ಮಾತೇ ನಿಜವಾಗಿತ್ತು. ಮೇಲಿನ ಮುಂದಿನ ಹಲ್ಲು. ಬರೀ ಎಕ್ಸ್‌ರೇ ನಂಬಿ ಪಂಚ್ ಮಾಡಿ, ಅಂದರೆ ಒಸಡಿನಲ್ಲಿ ದುಂಡಗೆ ತೂತು ಕತ್ತರಿಸಿ, ಡ್ರಿಲ್ ಇಳಿಸಿದೆ. ಇಂಪ್ಲಾಂಟ್ ತುಟಿ ಕಡೆಗೆ ವಾಲಿತು. ಒಂದೂವರೆ ವರ್ಷಕ್ಕೆ ಒಸಡು ಎರಡು ಮಿ.ಮೀ. ಮೇಲೆ ಸರಿದು ಟೈಟೇನಿಯಂನ ಬೂದು ಬಣ್ಣ ಇಣುಕತೊಡಗಿತು. ಆಕೆ ಸ್ಕೂಲ್ ಟೀಚರ್, ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದರು. ಸುಮಾರು 28 ಸಾವಿರ ವಾಪಸ್ ಕೊಟ್ಟೆ. ಗ್ರಾಫ್ಟ್ (ಕಸಿ) ಖರ್ಚೂ ನನ್ನದೇ.

ಆಮೇಲೆ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಇಲ್ಲದೆ ಕೈ ಹಾಕಿಲ್ಲ. ಡ್ರಿಲ್ ಸರಿಯಾದ ದಾರಿಯಲ್ಲಿ ಇಳಿಯಲು ಹಲ್ಲಿನ ಮೇಲೆ ಕೂರಿಸುವ ಅಚ್ಚಿಗೆ ಗೈಡ್ ಎನ್ನುತ್ತೇವೆ. ಲ್ಯಾಬಿನವರು ಒಂದು ಗೈಡ್‌ಗೆ ಆರೇಳು ಸಾವಿರ ಕೇಳುತ್ತಿದ್ದರು. ಅದನ್ನು ನಾವೇ ಮಾಡಿಕೊಳ್ಳಲು ಗೆಳೆಯನ ಜೊತೆ ಸೇರಿ ರೆಸಿನ್ 3ಡಿ ಪ್ರಿಂಟರ್ ತಗೊಂಡೆ. ಮೊದಲ ಹತ್ತು ಹನ್ನೆರಡು ಗೈಡ್ ಕಸದ ಬುಟ್ಟಿಗೆ ಹೋದವು, ಸೊಟ್ಟಗಾಗಿ ಹಲ್ಲಿನ ಮೇಲೆ ಕೂರುತ್ತಲೇ ಇರಲಿಲ್ಲ. ಈಗ ಪಕ್ಕದಲ್ಲಿ ಸಣ್ಣ ಕಿಟಕಿ ಬಿಡುತ್ತೇನೆ, ಕೂತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಗೈಡ್ ಕೆಳಗೆ ಡ್ರಿಲ್ ತಣ್ಣಗಿಡುವ ನೀರು (ಸಲೈನ್) ಸರಿಯಾಗಿ ಇಳಿಯುವುದಿಲ್ಲ ಅನ್ನೋದನ್ನೂ ಒಂದು ದವಡೆ ಹಲ್ಲಿನ ಇಂಪ್ಲಾಂಟ್ ಕಳೆದುಕೊಂಡೇ ಕಲಿತೆ, ಮೂಳೆ ಸುಟ್ಟಿತ್ತು. ಸಲೈನ್ ಈಗ ಫ್ರಿಜ್‌ನಲ್ಲೇ ಇರುತ್ತದೆ.

ಹಲ್ಲು ಕಿತ್ತ ದಿನವೇ ಹಾಕುವುದಾದರೆ ಅಂಗುಳಿನ ಕಡೆಯ ಗೋಡೆ ಹಿಡಿದು ಹೋಗುತ್ತೇನೆ. ಮುಂದೆ ಎರಡು ಮಿ.ಮೀ. ಜಾಗ ಬಿಟ್ಟು ಬೋನ್ ಗ್ರಾಫ್ಟ್ (ಮೂಳೆ ಪುಡಿ) ತುಂಬುತ್ತೇನೆ. ಟಾರ್ಕ್, ಅಂದರೆ ಸ್ಕ್ರೂ ಮೂಳೆಯಲ್ಲಿ ಕೂತ ಬಿಗಿ, 35 ನ್ಯೂಟನ್-ಸೆಂ.ಮೀ. ಸಿಕ್ಕರೆ ಮಾತ್ರ ಅವತ್ತೇ ಟೆಂಪರರಿ ಹಲ್ಲು, ಅದೂ ಕಚ್ಚಿದಾಗ ಎದುರು ಹಲ್ಲಿಗೆ ತಾಗದಂತೆ. ಆ ಟೆಂಪರರಿಯ ಕುತ್ತಿಗೆಯನ್ನು (ಒಸಡಿಗೆ ತಾಗುವ ಭಾಗ) ಹೇಗೆ ತೀಡಬೇಕು ಅನ್ನೋದೇ ಅರ್ಧ ಗೆಲುವು. ಅದನ್ನು ಇಲ್ಲಿ ಬರೆಯಲ್ಲ, ನಾಲ್ಕು ವರ್ಷ ಹಿಡಿದಿದೆ ನನಗೆ!

ಕೆಳಗಿನ ದವಡೆಯಲ್ಲಿ ಗಟ್ಟಿ ಒಸಡಿನ ಪಟ್ಟಿ ಕಿರಿದಾಗಿದ್ದರೆ ಪಂಚ್ ಮುಟ್ಟಬೇಡಿ. ಇರುವ ಎರಡು ಮೂರು ಮಿ.ಮೀ.ಯನ್ನೂ ಅದೇ ತಿಂದುಬಿಡುತ್ತದೆ. ಅಲ್ಲಿ ನಾನೂ ಸುಮ್ನೆ ಸಣ್ಣ ಫ್ಲಾಪ್ ತೆಗೆಯುತ್ತೇನೆ.

ನಡುವೆ ಪಿಆರ್‌ಎಫ್ (ರೋಗಿಯದೇ ರಕ್ತವನ್ನು ಮೆಷಿನ್‌ನಲ್ಲಿ ತಿರುಗಿಸಿ ತೆಗೆದ ಪದರವನ್ನು ಗಾಯಕ್ಕೆ ಇಡುವುದು) ಹುಚ್ಚು ಹಿಡಿದಿತ್ತು. ಹದಿನೈದು ಜನಕ್ಕೆ ಮಾಡಿದೆ. ಊತ ಸ್ವಲ್ಪ ಕಡಿಮೆ ಅನಿಸಿತು, ಒಸಡಿನ ಗೆರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಮೆಷಿನ್ ಮೇಲೆ ಈಗ ಗ್ಲೌಸ್ ಡಬ್ಬ ಇಟ್ಟಿದ್ದೇನೆ.

ಪ್ರತಿ ವರ್ಷ ಅದೇ ಕುರ್ಚಿ, ಅದೇ ಲೆನ್ಸ್‌ನಲ್ಲಿ ಫೋಟೊ ತೆಗೆದಿಡುತ್ತೇನೆ. ಎಂಟು ವರ್ಷದ ಹಿಂದಿನ ಒಬ್ಬ ಅಡಿಕೆ ವ್ಯಾಪಾರಿ ಮೊನ್ನೆ ಬಂದಿದ್ದರು. ಒಸಡು ಅಲ್ಲಾಡಿಲ್ಲ. ಅಕ್ಕಪಕ್ಕದ ಹಲ್ಲು ಮಾತ್ರ ಎಲೆ ಅಡಿಕೆಗೆ ಕೆಂಪಾಗಿ, ನನ್ನ ಕ್ಯಾಪ್ ಒಂದೇ ಬೆಳ್ಳಗೆ ನಿಂತಿದೆ. ಕನ್ನಡಿ ನೋಡಿ ಅವರು ಕೇಳಿದರು, "ಡಾಕ್ಟ್ರೇ, ಇದೊಂದನ್ನ ಸ್ವಲ್ಪ ಕೆಂಪು ಮಾಡಕ್ಕಾಗಲ್ವಾ?"